ಮೂರು ತಾಲೂಕಿನ ಕತ್ತೆಯಾಟ

ಮೊನ್ನೆ ನಮ್ಮ ಓಣಿಯ ಮಕ್ಕಳು ಹೊಸ ಆಟದ ಡಬ್ಬಿಯೊಂದನ್ನು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದರು. ಕೆಂಪು, ನೀಲಿ, ಹಳದಿ, ಹಸಿರು ಎಲೆಗಳು, ಅವುಗಳ ಮೇಲೆ ಅಂಕಿಗಳು. ಕೈಯಲ್ಲಿರುವ ಎಲೆಗಳನ್ನು ಯಾರು ಬೇಗ ಖಾಲಿ ಮಾಡುತ್ತಾರೋ ಅವರು ಗೆದ್ದಂತೆ. ಇದರಲ್ಲಿ ಹೊಸದೇನಿದೆ ಎಂದು ನಾನು ಮೂಗು ಮುರಿಯುವಷ್ಟರಲ್ಲಿ ಡಬ್ಬಿಯ ತಳದಿಂದ ಮಡಿಸಿದ ಚೀಟಿಯೊಂದು ಕೆಳಗೆ ಬಿತ್ತು. ಆಟದ ಕಾಯಿದೆಯೆಲ್ಲ ಅದರಲ್ಲಿ ಅಚ್ಚಾಗಿತ್ತು. ಯಾರು ಮೊದಲು, ಯಾರು ಆಮೇಲೆ, ತಕರಾರು ಬಂದರೆ ಏನು ಮಾಡಬೇಕು, ಎಲ್ಲವೂ. ಆ ಚೀಟಿಯನ್ನು ನಾನು ಎರಡು ಸಲ ಓದಿದೆ. ಇಂಥದೊಂದು ನಮ್ಮ ಮನೆಯ ಆಟಕ್ಕೂ ಇದ್ದಿದ್ದರೆ ಹೋದ ವರ್ಷ ನನ್ನ ಎದೆ ಅಷ್ಟೊಂದು ಹೊಡೆದುಕೊಳ್ಳುತ್ತಿರಲಿಲ್ಲ.

ನಮ್ಮ ಮನೆಯ ಆಟವೆಂದರೆ ಕತ್ತೆಯಾಟ. ನೀವೂ ಆಡಿರುತ್ತೀರಿ, ಹೆಸರು ಬೇರೆಯಿದ್ದೀತು. ಇಸ್ಪೀಟಿನ ಎಲೆಗಳನ್ನೆಲ್ಲ ಕುಳಿತವರಿಗೆ ಹಂಚಿಬಿಡಬೇಕು. ಇಸ್ಪೀಟ್ ಎಕ್ಕಾ ಯಾರಿಗೆ ಬಂದಿದೆಯೋ ಅವರು ಮೊದಲು ಇಳಿಸಬೇಕು. ಒಬ್ಬರು ಬದಾಮ್, ಅಂದರೆ ಕೆಂಪು ಹೃದಯದ ಎಲೆ ಇಳಿಸಿದರೆ ಉಳಿದವರೂ ಬದಾಮನ್ನೇ ಇಳಿಸಬೇಕು. ಎಲ್ಲರೂ ಇಳಿಸಿದರೆ ಆ ಎಲೆಗಳು ಬದಿಗೆ ಹೋದವು, ದೊಡ್ಡ ಎಲೆ ಹಾಕಿದವರು ಮುಂದಿನದನ್ನು ಇಳಿಸಬೇಕು. ಯಾರದೋ ಕೈಯಲ್ಲಿ ಬದಾಮ್ ಇಲ್ಲವೆನ್ನಿ. ಆಗ ಅವರು ಬೇರೆ ಯಾವುದೋ ಎಲೆಯನ್ನು ಪಟ್ಟನೆ ಬಡಿಯುತ್ತಾರೆ. ಇದಕ್ಕೆ ನಮ್ಮಲ್ಲಿ ಹೇರುವುದು ಎನ್ನುತ್ತಾರೆ. ಹೇರಿದ ಕೂಡಲೇ ಅಲ್ಲಿಗೆ ನಿಲ್ಲಿಸಿ, ಅಲ್ಲಿಯವರೆಗೆ ದೊಡ್ಡ ಎಲೆ ಹಾಕಿದ ಪುಣ್ಯಾತ್ಮ ನೆಲದ ಮೇಲಿದ್ದುದನ್ನೆಲ್ಲ ಬಾಚಿಕೊಳ್ಳಬೇಕು. ಕೈ ಖಾಲಿಯಾದವರು ಪಾರು. ಕೊನೆಗೆ ಯಾರ ಕೈಯಲ್ಲಿ ಎಲೆ ಉಳಿಯಿತೋ ಅವರೇ ಕತ್ತೆ.

ಇಷ್ಟನ್ನು ಹೇಳುವಾಗ ಸಾವಕಾಶದ ಆಟದಂತೆ ಕೇಳಿಸುತ್ತದೆ. ಆಡುವಾಗ ಹಾಗಿಲ್ಲ. ಆಳಂದದ ನಮ್ಮ ಅತ್ತೆಯ ಮನೆಯಲ್ಲಿ, ಅಂದರೆ ನನ್ನ ಹೆಂಡತಿ ಸುವರ್ಣಾಳ ತವರಿನಲ್ಲಿ, ಪಡಸಾಲೆಗೆ ಶಹಾಬಾದಿನ ಫರಸಿ ಕಲ್ಲು ಹಾಸಿದ್ದಾರೆ. ಎಲೆಗಳು ಅದರ ಮೇಲೆ ಸೊಯ್ಯೆಂದು ಜಾರುತ್ತವೆ. ಯೋಚನೆ ಮಾಡುತ್ತ ಕುಳಿತರೆ ಅತ್ತೆ ಬೆರಳ ಗಿಣ್ಣಿನಿಂದ ನೆಲ ಕುಟ್ಟಿ “ಗಾಡಿ ಹೊಂಟತಿ” ಎನ್ನುತ್ತಾರೆ. ಅಷ್ಟರೊಳಗೆ ಎಲೆ ಬೀಳದಿದ್ದರೆ ನೆಲದ ಮೇಲಿನದೆಲ್ಲ ಯೋಚನೆ ಮಾಡುತ್ತಿದ್ದವರ ಪಾಲು. ಎಲ್ಲದಕ್ಕಿಂತ ಕಠಿಣವಾದದ್ದು ಕತ್ತೆಯಾದವರ ಶಿಕ್ಷೆ. ತಲಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಒಮ್ಮೆ ಕತ್ತೆಯ ಹಾಗೆ ಒದರಬೇಕು.

ಈ ಆಟ ಅತ್ತೆಗೆ ಬಂದದ್ದು ಪಕ್ಕದ ಮನೆಯ ಜೈನಬ್ ಖಾಲಾ ಅವರಿಂದ. ಇಬ್ಬರೂ ಹೊಸ ಸೊಸೆಯರಾಗಿ ಒಂದೇ ಗೋಡೆಯ ಆಚೀಚೆ ಬಂದವರು. ಗಂಡಸರು ಹೊಲಕ್ಕೆ, ಅಂಗಡಿಗೆ ಹೋದ ಮೇಲೆ ಖಾಲಾ ಕಲಿಸಿದರು, ಅತ್ತೆ ಕಲಿತರು. ಹಾಗಾಗಿ ನಮ್ಮ ಮನೆಯ ಎಲೆಗಳಲ್ಲಿ ರಾಜನಿಲ್ಲ, ಬಾದಶಾ ಇದ್ದಾನೆ. ಈಗ ಖಾಲಾ ಅವರಿಗೆ ಮೊಣಕಾಲು ಮಡಚಲು ಬಾರದು, ನೆಲದ ಮೇಲೆ ಕೂರಲಾಗುವುದಿಲ್ಲ. ಆದರೂ ನಮ್ಮ ಬಾಗಿಲಲ್ಲಿ ಒದರಿದ ಸದ್ದು ಕೇಳಿದರೆ ಸಾಕು, ಗೋಡೆಯ ಆಚೆಯಿಂದ ಅವರ ದನಿ ಬರುತ್ತದೆ: “ಕೌನ್ ಹುವಾ ಗೇ?” ಕತ್ತೆಯಾದವರು ಯಾರು ಎಂದು. ಈಚೆಯಿಂದ ಅತ್ತೆ ಹೆಸರು ಹೇಳುತ್ತಾರೆ. ಆಚೆ ನಗು ಕೇಳುತ್ತದೆ. ಎಷ್ಟೋ ವರ್ಷಗಳಿಂದ ನಡೆದುಬಂದ ಪದ್ಧತಿ ಇದು. ಆ ಉತ್ತರದಲ್ಲಿ ಅತ್ತೆಯ ಸ್ವಂತ ಹೆಸರು ಬಂದದ್ದನ್ನು ಮಾತ್ರ ನಾನು ಕೇಳಿರಲಿಲ್ಲ. ಅವರು ಕತ್ತೆಯಾಗುತ್ತಲೇ ಇರಲಿಲ್ಲ.

ಇನ್ನು ನಮ್ಮ ಅತ್ತೆಯ ಸಿದ್ಧಾಂತಕ್ಕೆ ಬರುತ್ತೇನೆ. ಮನೆಗೆ ಬರುವ ಗಂಡನ್ನು ಕುಲ, ಕಸುಬು, ಜಾತಕ ಎಂದು ಮಂದಿ ನೋಡುತ್ತಾರಲ್ಲ, ಅತ್ತೆ ಕತ್ತೆಯಾಟಕ್ಕೆ ಕೂರಿಸಿ ನೋಡುತ್ತಾರೆ. ಗೆದ್ದಾಗ ಎಲ್ಲರೂ ಒಳ್ಳೆಯವರೇ, ಹೇರಿಸಿಕೊಂಡಾಗ ಮನುಷ್ಯ ಗೊತ್ತಾಗುತ್ತಾನೆ ಎಂಬುದು ಅವರ ಮತ. ನನ್ನನ್ನೂ ಹಾಗೆಯೇ ಕೂರಿಸಿದ್ದರು. ನಾನು ಅಫಜಲಪುರದವನು, ಆಗಷ್ಟೇ ದನದ ದವಾಖಾನೆಯಲ್ಲಿ ನೌಕರಿ ಹಿಡಿದಿದ್ದೆ. ನಮ್ಮ ಅಫಜಲಪುರದಲ್ಲಿ ಹೇರಿಸಿಕೊಂಡವನು ಪಕ್ಕದವರ ಕೈಯಿಂದ ಒಂದು ಎಲೆ ಬದಲಿಸಿಕೊಳ್ಳಬಹುದು. ಅದೇ ಧೈರ್ಯದಲ್ಲಿ ನಾನು ಪಕ್ಕದಲ್ಲಿದ್ದ ಸುವರ್ಣಾಳ ಎಲೆಗಳಿಗೆ ಕೈ ಹಾಕಿದೆ. ಹೆಣ್ಣು ನೋಡಲು ಬಂದವನು ಹೆಣ್ಣಿನ ಕೈಗೇ ಕೈ ಹಾಕಿದನೆಂದು ಪಡಸಾಲೆಯಲ್ಲಿ ಗದ್ದಲವಾಯಿತು. ನಾನು ಬೆವೆತುಹೋಗಿ ಆಟವನ್ನೂ ಸೋತೆ. ಒದರಲು ಎದ್ದಾಗ ಮಾತ್ರ ದೇವರು ಕೈಬಿಡಲಿಲ್ಲ. ಅದೇ ವಾರ ಅಗಸರ ಕತ್ತೆಯೊಂದಕ್ಕೆ ಇಂಜೆಕ್ಷನ್ ಕೊಡುವಾಗ ಅದು ನನ್ನ ಕಿವಿಯ ಬುಡದಲ್ಲೇ ಪಾಠ ಹೇಳಿತ್ತು. ನಾನು ಎಳೆದ ರಾಗಕ್ಕೆ ಓಣಿಯ ಕೊನೆಯಲ್ಲಿದ್ದ ನಿಜವಾದ ಕತ್ತೆ ಉತ್ತರ ಕೊಟ್ಟಿತು. ಚಹಾ ಆರುವ ಮೊದಲೇ ಅತ್ತೆ ಹೂಂ ಅಂದುಬಿಟ್ಟರು. ಸೋಲನ್ನು ಇಷ್ಟು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡ ನನ್ನ ಗುಣಕ್ಕೆ ಮೆಚ್ಚಿ ಹೆಣ್ಣು ಕೊಟ್ಟರೆಂದು ನಾನು ಹೋದ ವರ್ಷದವರೆಗೂ ನಂಬಿಕೊಂಡೇ ಬಂದಿದ್ದೆ.

ಎಲ್ಲರ ಹಣೆಬರಹ ನನ್ನಂತಿರಲಿಲ್ಲ. ನಮ್ಮ ಮಗಳು ಶಿಲ್ಪಾಳನ್ನು ನೋಡಲು ಬಂದ ಒಬ್ಬ ಹುಡುಗ ಬಲು ಲಕ್ಷಣವಾಗಿದ್ದ, ಮಾತು ಜೇನುತುಪ್ಪ. ಹೇರಿಸಿಕೊಂಡಾಗಲೂ ನಗುತ್ತಲೇ ಇದ್ದ. ಅವನು ಹೋದ ಮೇಲೆ ಅತ್ತೆ ಬದಾಮ್ ರಾಣಿಯನ್ನು ಎತ್ತಿ ತೋರಿಸಿದರು. ರಾಣಿಯ ನಡು ಮುರಿದಿತ್ತು. ನಗು ಮುಖದ ಮೇಲಿದ್ದರೂ ಸಿಟ್ಟು ಬೆರಳಲ್ಲಿತ್ತು ಎಂದು ತೀರ್ಪು ಕೊಟ್ಟರು. ಇನ್ನೊಬ್ಬನಿಗೆ ಅಷ್ಟೂ ತಾಳ್ಮೆಯಿರಲಿಲ್ಲ. ಕಿಲ್ವರ್ ಸತ್ತಿಯನ್ನು, ಅಂದರೆ ಕಿಲ್ವರಿನ ಏಳನ್ನು, ಕಿಟಕಿಯಿಂದ ಹೊರಗೇ ಬೀಸಿದ, ಅದು ಗಟಾರದಲ್ಲಿ ಬಿದ್ದು ತೇಲಿಹೋಯಿತು. ಅದರ ಬದಲಿಗೆ ಶಿಲ್ಪಾ ಸೀರೆಯ ಡಬ್ಬಿಯ ರಟ್ಟನ್ನು ಕತ್ತರಿಸಿ, ಪೆನ್ನಿನಿಂದ ಹೂವು ಬರೆದು, ಹೊಸ ಕಿಲ್ವರ್ ಸತ್ತಿ ಮಾಡಿದಳು. ಮುಂಭಾಗ ಹೇಗೋ ಸರಿಹೋಯಿತು, ಬೆನ್ನು ಮಾತ್ರ ಗುಲಾಬಿ. ಅಂದಿನಿಂದ ಆ ಎಲೆ ಯಾರ ಕೈಯಲ್ಲಿದೆ ಎಂಬುದು ಇಡೀ ಪಡಸಾಲೆಗೆ ಗೊತ್ತಾಗತೊಡಗಿತು. ಹೊಸ ಕಟ್ಟು ತರೋಣವೆಂದರೆ ಅತ್ತೆ ಬೇಡವೆಂದರು. ಕುಂಟ ಎತ್ತನ್ನು ಮಾರಿಬಿಡುವ ಪೈಕಿ ಅವರಲ್ಲ.

ಶಿಲ್ಪಾ ಜೇವರ್ಗಿಯಲ್ಲಿ ನರ್ಸ್. ಒಂದು ದಿನ ಪಂಪ್‌ಸೆಟ್ಟಿನ ಬೆಲ್ಟಿಗೆ ಕೈ ಕೊಟ್ಟು ಹರಿದುಕೊಂಡ ಹುಡುಗನೊಬ್ಬ ದವಾಖಾನೆಗೆ ಬಂದನಂತೆ. ಹೊಲಿಗೆ ಹಾಕುವಾಗ ಡಾಕ್ಟರರ ಪಕ್ಕದಲ್ಲಿದ್ದವಳು, ಆಮೇಲೆ ಡ್ರೆಸಿಂಗ್ ಮಾಡಿದವಳು ಇವಳೇ. ಗಾಯ ಮಾಯ್ದ ಮೇಲೂ ಅವನು ಕೈ ತೋರಿಸಲು ಬರುತ್ತಿದ್ದ ಎಂದು ತಿಳಿದಾಗ ಸುವರ್ಣಾಗೆ ವಿಷಯ ಗೊತ್ತಾಯಿತು, ನನಗೆ ಸುವರ್ಣಾಳಿಂದ. ಹುಡುಗನ ಹೆಸರು ಶರಣು. ಊರು ಅಂದೋಲಾ, ಜೇವರ್ಗಿಯಲ್ಲಿ ಮೋಟರ್ ರಿಪೇರಿಯ ಅಂಗಡಿ. ನಾನು ಅಂಗಡಿಯ ಕಡೆ ಸುಮ್ಮನೆ ಹೋದವನಂತೆ ಹೋಗಿ ನೋಡಿ ಬಂದೆ. ಮಿತಭಾಷಿ, ಎದುರಿಗಿರುವವರ ಮಾತು ಮುಗಿಯುವವರೆಗೆ ಕೇಳುತ್ತಾನೆ. ನನಗೆ ಮನಸ್ಸಿಗೆ ಬಂದ. ಶಿಲ್ಪಾ ಮಾತ್ರ ಒಂದೇ ಮಾತು ಹೇಳಿದಳು: “ಅಪ್ಪಾ, ಆಯಿ ಬ್ಯಾಡ ಅಂದ್ರ ನಾ ಏನ್ ಮಾಡ್ಲಿ?”

ಆಯಿ ಅಂದರೆ ನಮ್ಮ ಅತ್ತೆ, ಅವಳ ಅಜ್ಜಿ. ಸುವರ್ಣಾ ನೌಕರಿ ಮಾಡುತ್ತಿದ್ದಾಗ ಶಿಲ್ಪಾಳನ್ನು ಆಳಂದದಲ್ಲಿ ಇಟ್ಟುಕೊಂಡು ಬೆಳೆಸಿದವರು ಅವರೇ. ಅವರು ಬೇಡವೆಂದರೆ ಇವಳು ಬೇಕೆನ್ನುವವಳಲ್ಲ, ಬೇರೆ ಯಾರನ್ನೂ ಮದುವೆಯಾಗುವವಳೂ ಅಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ನನಗೆ ಊಟ ಸೇರುತ್ತಿರಲಿಲ್ಲ. ಸುವರ್ಣಾ ಘತ್ತರಗಿಯ ಭಾಗ್ಯವಂತಿ ದೇವಿಗೆ ಉಡಿ ತುಂಬುವ ಹರಕೆ ಹೊತ್ತಳು. ನಾನು ಹರಕೆಯ ಪೈಕಿ ಅಲ್ಲ, ಆದರೂ ಹೊತ್ತದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಅತ್ತೆಯ ಮನೆಯ ಮೋಟರು ಕೆಟ್ಟಿದೆ ಎಂಬ ನೆಪ ಮಾಡಿ ಶರಣುವನ್ನು ಆಳಂದಕ್ಕೆ ಕರೆಸಿದೆವು. ಬಂದವನು ಮೋಟರನ್ನು ಬಿಚ್ಚಿ, ನೋಡಿ, ಮತ್ತೆ ಕೂಡಿಸಿ, ಏನೂ ಆಗಿಲ್ಲ ಎಂದು ಪ್ರಾಮಾಣಿಕವಾಗಿ ವರದಿ ಕೊಟ್ಟ. ನಾವೆಲ್ಲ ಆಶ್ಚರ್ಯಪಟ್ಟೆವು. ಕೈಕಾಲು ತೊಳೆದು ಬಂದವನಿಗೆ ಚುರುಮುರಿಯ ಸುಸಲಾ, ಮಿರ್ಚಿ ಕೊಟ್ಟೆವು. ಅವನ ತಟ್ಟೆ ಖಾಲಿಯಾಗುವುದನ್ನೇ ಕಾಯುತ್ತಿದ್ದ ಅತ್ತೆ ಸೆರಗಿನ ಮರೆಯಿಂದ ಎಲೆಗಳ ಕಟ್ಟು ತೆಗೆದು, ಆಟ ಬರುತ್ತದೆಯೇ ಎಂದು ಕೇಳಿದರು. ಸಣ್ಣವನಿದ್ದಾಗಿನಿಂದ ಮನೆಯಲ್ಲಿ ಮುತ್ಯಾನ ಜೊತೆ ಆಡಿದ್ದೇನೆ ಎಂದ. ಮುತ್ಯಾ ಅಂದರೆ ಅಜ್ಜ. ಅತ್ತೆಯ ಕಣ್ಣು ಮಿನುಗಿತು. ಅತ್ತೆ, ಸುವರ್ಣಾ, ಶಿಲ್ಪಾ, ನಾನು ಮತ್ತು ಅವನು, ಐವರೂ ಫರಸಿಯ ಮೇಲೆ ವರ್ತುಲವಾಗಿ ಕುಳಿತೆವು.

ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಹುಡುಗನ ಕೈ ಚುರುಕು, ಗಾಡಿ ಹೊಂಟತಿ ಎನ್ನಿಸಿಕೊಳ್ಳಲೇ ಇಲ್ಲ. ನನ್ನ ಮೇಲೆ ಸಂಕೋಚವಿಲ್ಲದೆ ಹೇರಿದ ಕೂಡ. ಭಾವೀ ಮಾವನೆಂಬ ಎಗ್ಗಿಲ್ಲವಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಆಮೇಲೆ ಅತ್ತೆ ಬದಾಮ್ ಬಾದಶಾ ಇಳಿಸಿದರು. ನಾವೆಲ್ಲ ಸಣ್ಣಪುಟ್ಟ ಬದಾಮ್ ಹಾಕಿದೆವು. ಅವನ ಸರದಿ ಬಂತು. ಅವನ ಕೈಯಲ್ಲಿ ಬದಾಮ್ ಇರಲಿಲ್ಲ. ಹೇರಬೇಕು, ಅತ್ತೆ ಎಲ್ಲ ಬಾಚಿಕೊಳ್ಳಬೇಕು. ಅವನು ಹೇರಲಿಲ್ಲ. ನೆಲದ ಮೇಲಿದ್ದ ಎಲೆಗಳನ್ನು ಬಾದಶಾ ಸಮೇತ ಒಟ್ಟುಮಾಡಿ, ಒಂದು ಮಾತೂ ಆಡದೆ ತನ್ನ ಕೈಗೆ ಸೇರಿಸಿಕೊಂಡ.

ಏನೋ ಗಡಿಬಿಡಿಯಲ್ಲಿ ತಪ್ಪಿದ ಎಂದುಕೊಂಡೆವು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಾಗೆಯೇ ಆಯಿತು, ಅದೂ ಅತ್ತೆಯದೇ ಎಲೆಗೆ. ಸುವರ್ಣಾ ನನ್ನ ಮುಖ ನೋಡಿದಳು, ಹುಡುಗನಿಗೆ ಒಂದು ಸುತ್ತು ಕಡಿಮೆಯೇ ಎಂಬಂತೆ. ಶಿಲ್ಪಾ ತಲೆ ತಗ್ಗಿಸಿ ಎಲೆಗಳಲ್ಲಿ ಏನೋ ಹುಡುಕುತ್ತಿದ್ದಳು. ಮೂರನೆಯ ಸಲವೂ ಅವನು ಕೈ ಚಾಚಿದಾಗ ಅತ್ತೆ ತಮ್ಮ ಎಲೆಗಳನ್ನು ಮಗುಚಿ ಫರಸಿಯ ಮೇಲಿಟ್ಟರು.

“ಈ ಹುಡುಗ ನನ್ನ ಕೂಡ ಆಡಾಕ ಬಂದಾನೋ, ನನಗ ಔಷಧ ಕುಡಸಾಕ ಬಂದಾನೋ?” ಎಂದು ಕೇಳಿ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು.

ಎಲೆ ಎಸೆದ ಹುಡುಗನನ್ನು ಕೂಡ ಅತ್ತೆ ಕೂತೇ ಬೀಳ್ಕೊಟ್ಟಿದ್ದರು. ಆಟದ ನಡುವೆ ಎದ್ದುಹೋದದ್ದನ್ನು ನಾನು ನೋಡಿರಲಿಲ್ಲ. ಅವರಿಗೆ ಸೋಲಿನ ಸಿಟ್ಟಿಲ್ಲ, ಆದರೆ ಮುದುಕಿ ಪಾಪ ಎಂದು ಗೆಲ್ಲಿಸಹೋದರೆ ಮೈಯೆಲ್ಲ ಉರಿಯುತ್ತದೆ. ನಾನೂ ಹೊಸದರಲ್ಲಿ ಅವರನ್ನು ಮೆಚ್ಚಿಸಲು ಹಾಗೆ ಮಾಡಹೋಗಿ, ವಾರಗಟ್ಟಲೆ ಸಪ್ಪೆ ಸಾರು ಉಂಡವನು.

ಶರಣುವಿನ ಮುಖ ಸಣ್ಣದಾಗಿತ್ತು. ತಾನು ಮಾಡಿದ್ದೇನು ಎಂದು ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ಶಿಲ್ಪಾ ಮೆಲ್ಲಗೆ, ಯಾಕೆ ಎಲ್ಲ ಎತ್ತಿಕೊಂಡೆ ಎಂದು ಕೇಳಿದಳು. ಅವನು ಅಡುಗೆಮನೆಯ ಬಾಗಿಲ ಕಡೆ ನೋಡುತ್ತ ಹೇಳಿದ: “ನಮ್ಮ ಮನ್ಯಾಗ ಹಂಗ ಆಡ್ತೀವ್ರಿ. ಹಿರ್ಯಾರ ಮ್ಯಾಲ ಹೇರೂ ಪಾಳಿ ಬಂದ್ರ, ಸಣ್ಣಾವ್ರು ಅದನ್ನ ತಾವ ಹೊತ್ಕೋಬೇಕು. ಎಲ್ಲಾ ಕಡಿ ಹಂಗ ಇರ್ತತಿ ಅಂದ್ಕೊಂಡಿದ್ದೆ.”

ನಾನು ಅಲ್ಲಿಗೆ ಹೆಣ್ಣು ನೋಡಲು ಬಂದು ಸುವರ್ಣಾಳ ಎಲೆಗೆ ಕೈ ಹಾಕಿದ್ದು ನೆನಪಾಯಿತು. ಆಳಂದ, ಅಫಜಲಪುರ, ಜೇವರ್ಗಿ ಎಂದರೆ ಏನು ಮಹಾ ದೂರ? ಒಂದೇ ಭೀಮೆಯ ಸೀಮೆಯವರು, ಅದೇ ಸಜ್ಜೆಯ ರೊಟ್ಟಿ, ಅದೇ ಶೇಂಗಾದ ಹಿಂಡಿ. ಆದರೂ ಪ್ರತಿಯೊಬ್ಬರೂ ತಮ್ಮ ಪಡಸಾಲೆಯ ಕಾಯಿದೆಯೇ ಜಗತ್ತಿನ ಕಾಯಿದೆ ಎಂದು ಎದೆ ತಟ್ಟಿ ನಂಬಿದ್ದೇವೆ. ಇದನ್ನೆಲ್ಲ ಅಡುಗೆಮನೆಗೆ ಹೋಗಿ ಅತ್ತೆಗೆ ವಿವರಿಸಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ಅವರೇ ಬಾಗಿಲಿಗೆ ಬಂದರು. ಗೋಡೆಯ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಅದು ನಿಮ್ಮ ಮನೀದು, ತಮ್ಮಾ. ಇದು ಆಳಂದ,” ಎಂದು ಕುಳಿತುಕೊಂಡು, ಎಲೆಗಳನ್ನು ಕಲಸಿ, ಮತ್ತೆ ಹಂಚಿದರು.

ಆ ಎರಡನೆಯ ಆಟದಷ್ಟು ವೇಗದ ಆಟವನ್ನು ನಾನು ನೋಡಿಲ್ಲ. ಫರಸಿಯ ಮೇಲೆ ಎಲೆ ಬೀಳುವ ಸದ್ದು, ನಡುನಡುವೆ ಅತ್ತೆಯ ಗಿಣ್ಣಿನ ಸದ್ದು, ಅಷ್ಟೇ. ನನ್ನ ಕೈ ಎಂದೂ ಇಲ್ಲದಷ್ಟು ಬೇಗ ಖಾಲಿಯಾಯಿತು. ಬೇರೆ ದಿನವಾಗಿದ್ದರೆ ಅದನ್ನು ವರ್ಷವೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಅಂದು ಯಾರೂ ಗಮನಿಸಲೂ ಇಲ್ಲ. ಸುವರ್ಣಾ ಪಾರಾದಳು, ಶಿಲ್ಪಾ ಪಾರಾದಳು. ಅತ್ತೆ ಮತ್ತು ಶರಣು ಉಳಿದರು. ಅವರ ಕೈಯಲ್ಲಿ ಎರಡು ಎಲೆ, ಅವನ ಕೈಯಲ್ಲಿ ಒಂದೇ. ಆ ಒಂದರ ಬೆನ್ನು ಗುಲಾಬಿ. ಅದು ಕಿಲ್ವರ್ ಸತ್ತಿ ಎಂದು ಪಡಸಾಲೆಗೆಲ್ಲ ಗೊತ್ತಿತ್ತು.

ಅತ್ತೆ ಆ ಗುಲಾಬಿ ಬೆನ್ನನ್ನು ನೋಡಿದರು. ನೋಡಿಯೇ ಚೌಕಟ್ ರಾಣಿಯನ್ನು ಇಳಿಸಿದರು.

ಈಗ ಅವನಿಗೆ ಎರಡೇ ದಾರಿ. ಸತ್ತಿಯನ್ನು ಬಡಿದರೆ ಹೇರಿದಂತೆ, ಅವನು ಪಾರು, ಅತ್ತೆ ಕತ್ತೆ. ಮುತ್ಯಾ ಕಲಿಸಿದಂತೆ ರಾಣಿಯನ್ನು ಎತ್ತಿಕೊಂಡರೆ ಅತ್ತೆ ಮತ್ತೆ ಅಡುಗೆಮನೆಗೆ ಹೋಗುತ್ತಾರೆ, ಈ ಸಲ ಹೊರಗೆ ಬರುವುದಿಲ್ಲ. ಹುಡುಗನ ಕೈ ಎಲೆಯ ಮೇಲೆ ನಿಂತುಬಿಟ್ಟಿತು. ಅಂಗೈಯ ಪಕ್ಕದಲ್ಲಿ ಹೊಲಿಗೆಯ ಗುರುತು ಕಾಣುತ್ತಿತ್ತು. ಶಿಲ್ಪಾ ಅದನ್ನೇ ನೋಡುತ್ತಿದ್ದಳು. ನಾನು ಯಾವ ದೇವರನ್ನು ನೆನೆಯಬೇಕೆಂದು ತಿಳಿಯದೆ ಘತ್ತರಗಿಯಿಂದ ಗಾಣಗಾಪುರದವರೆಗೆ ಸಾಲಾಗಿ ಎಲ್ಲರನ್ನೂ ನೆನೆದೆ.

“ಆಯಿ, ಹೇರ್ಲೇನ್ರಿ?” ಎಂದ ಶರಣು.

ಅತ್ತೆ ಗಿಣ್ಣಿನಿಂದ ನೆಲ ಕುಟ್ಟಿದರು. “ಗಾಡಿ ಹೊಂಟತಿ.”

ಅವನು ಬಡಿದ. ರಟ್ಟಿನ ಎಲೆ ಪಟ್ಟನೆ ರಾಣಿಯ ಮೇಲೆ ಬಿತ್ತು.

ಅತ್ತೆ ನಿಧಾನವಾಗಿ ಎರಡೂ ಎಲೆಗಳನ್ನು ಎತ್ತಿಕೊಂಡು, ಮಡಿಲಲ್ಲಿ ಹಾಕಿಕೊಂಡು, ಗೋಡೆಗೆ ಕೈ ಕೊಟ್ಟು ಎದ್ದರು. ಬೇಡವ್ವಾ, ಬಿಡು ಎಂದು ಸುವರ್ಣಾ ಅಂದಳು. ಅತ್ತೆ ಕೇಳಿಸಿಕೊಳ್ಳಲಿಲ್ಲ. ತಲಬಾಗಿಲಿಗೆ ಹೋಗಿ ಚೌಕಟ್ಟು ಹಿಡಿದು ನಿಂತು ಒದರಿದರು. ಮೊದಲು ಕೆಮ್ಮಿನಂತೆ ಬಂತು. ಅವರಿಗೇ ಅದು ಒಪ್ಪಿಗೆಯಾಗಲಿಲ್ಲ, ಉಸಿರು ಕೂಡಿಸಿ ಮತ್ತೊಮ್ಮೆ ಒದರಿದರು. ಈ ಸಲ ಓಣಿಗೆ ಕೇಳಿಸುವಂತೆಯೇ ಬಂತು.

“ಕೌನ್ ಹುವಾ ಗೇ?” ಗೋಡೆಯ ಆಚೆಯಿಂದ ಜೈನಬ್ ಖಾಲಾ ಕೇಳಿದರು.

“ಮೈಚ್ ಗೇ,” ಎಂದರು ನಮ್ಮ ಅತ್ತೆ. ನಾನೇ ಕಣೇ ಎಂದು.

ಆಚೆ ಕಡೆ ಖಾಲಾ ನಗಲು ಶುರುಮಾಡಿದರು. ಹೊಸ ಸೊಸೆಯರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರಲ್ಲ, ಹಾಗೆ. ಅದನ್ನು ಕೇಳಿ ಈಚೆ ಅತ್ತೆಗೂ ನಗು ತಡೆಯಲಾಗಲಿಲ್ಲ. ಚೌಕಟ್ಟು ಹಿಡಿದುಕೊಂಡೇ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಒಳಗೆ ಬರುತ್ತ ಸುವರ್ಣಾಗೆ, ಹೋಳಿಗೆಗೆ ಬೇಳೆ ಇಡು, ಹುಡುಗ ಉಂಡೇ ಹೋಗಲಿ ಎಂದರು. ಆ ಮನೆಯಲ್ಲಿ ಹೋಳಿಗೆಯೆಂದರೆ ಒಪ್ಪಿಗೆ ಎಂದೇ ಅರ್ಥ. ಶಿಲ್ಪಾ ಅಳುತ್ತ ಒಳಗೆ ಓಡಿದಳು. ನನಗೆ ಆ ಕ್ಷಣಕ್ಕೆ ಆದ ಹಗುರವನ್ನು ಹೇಗೆ ಹೇಳಲಿ? ತಲೆಯ ಮೇಲಿನ ಹೊರೆ ಇಳಿಸಿದ ಮೇಲೆ ಕತ್ತು ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತಾನೇ ಮೇಲೇಳುವಂತೆ ಅನಿಸುತ್ತದಲ್ಲ, ಹಾಗಾಯಿತು. ಮಿರ್ಚಿಯ ತಟ್ಟೆಯಲ್ಲಿ ಉಳಿದಿದ್ದುದನ್ನೆಲ್ಲ ತಿಂದುಬಿಟ್ಟೆ.

ಮದುವೆಯಾಯಿತು. ಘತ್ತರಗಿಗೆ ಹೋಗಿ ಉಡಿ ತುಂಬಿ ಬಂದೆವು. ಮಗಳು, ಅಳಿಯ ಈಗ ಜೇವರ್ಗಿಯಲ್ಲಿ ನೆಮ್ಮದಿಯಾಗಿದ್ದಾರೆ. ಅವರ ಮನೆಯಲ್ಲಿ ಯಾವ ಊರಿನ ಕಾಯಿದೆ ನಡೆಯುತ್ತಿದೆಯೋ ನಾನು ಕೇಳಿಲ್ಲ.

ಅಂದು ಊಟವಾದ ಮೇಲೆ, ಶರಣು ಬಸ್ಸು ಹತ್ತಿ ಹೋದ ಮೇಲೆ, ನಾನು ಅತ್ತೆಯ ಹತ್ತಿರ ಕುಳಿತು ಕೇಳಿದ್ದೆ. ಅವನು ಕೊನೆಗೆ ಆಳಂದದ ಹಾಗೆ ಹೇರಿದ್ದಕ್ಕೆ ತಾನೇ ನಿಮಗೆ ಮನಸ್ಸಿಗೆ ಬಂದದ್ದು ಎಂದು.

ಅತ್ತೆ ಎಲೆಗಳ ಕಟ್ಟಿಗೆ ರಬ್ಬರ್ ಹಾಕುತ್ತಿದ್ದರು. “ಅದಕ್ಕಲ್ರಿ. ಹೇಳಿದ್ ಮಾತು ಕೇಳ್ತಾನೋ ಇಲ್ಲೋ ನೋಡಿದೆ ಅಷ್ಟ. ಮೊದಲ್ನೇ ಆಟದಾಗ ಎಲ್ಲಾ ತಾನ ಎತ್ಕೊಂಡ್ನಲ್ಲ, ನನಗ ಸಿಟ್ಟು ಬಂತು ಖರೆ. ಒಳಗ ಹೋಗಿ ನೀರು ಕುಡದ ಮ್ಯಾಲ ಅನಸ್ತು. ಹೊರಿ ಬಂದ್ರ ಬಾಯಿ ಮಾಡದ ಹೊತ್ಕೊಳ್ಳಾಂವ, ನಮ್ಮ ಶಿಲ್ಪಾಗ ಇಂಥಾ ಕತ್ತೀನ ಬೇಕಾಗಿತ್ತು.”

ಮಾತು ನನಗೆ ಬಹಳ ಹಿಡಿಸಿತು. ಹಿಡಿಸಿದ ಭರದಲ್ಲಿ, ಹಾಗಾದರೆ ನನ್ನಲ್ಲಿಯೂ ಅದೇ ಗುಣವನ್ನು ನೋಡಿ ಹೆಣ್ಣು ಕೊಟ್ಟಿರಬೇಕಲ್ಲ ಎಂದು ಕೇಳಿಬಿಟ್ಟೆ.

ಅತ್ತೆ ನನ್ನನ್ನು ಕರುಣೆಯಿಂದ ನೋಡಿದರು. “ಇಲ್ರಿ ಅಳ್ಯಾರ,” ಎಂದರು. “ನೀವು ಒದರೂದು ಮಾತ್ರ ಛಲೋ ಒದರಿದ್ರಿ.”